ಗಾಲಿ ಮನಿಯ ಕರೆಂಟು

ತಪ್ಪು ಅರ್ಧ ನನ್ನದೇ. ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಮಾವ, ಸಿಂಧನೂರಿನ ಹತ್ರ ಆರ್.ವಿ. ಕ್ಯಾಂಪ್ ಇದೆಯಂತಲ್ಲ, ಮ್ಯಾಪಲ್ಲಿ ನೋಡ್ದೆ" ಎಂದ. ನನ್ನ ಎಡಗಿವಿ ನನಗಿಂತ ಎರಡು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡಿದೆ. ಅದಕ್ಕೆ 'ಆರ್.ಎಚ್.' ಎಂದೇ ಕೇಳಿಸಿತು.

"ಒಂದಲ್ಲಪ್ಪ, ನಂಬರ್ ಹಾಕಿ ಹಾಕಿ ಇಟ್ಟಾರ. ಒಂದು, ಎರಡು, ಮೂರು, ನಾಕು..."

"ಅಷ್ಟೊಂದಾ! ಪ್ಲಗ್ ಪಾಯಿಂಟ್ ಎಲ್ಲಾ ಇರುತ್ತಾ?"

"ಮನಿ ಅಂದಮ್ಯಾಲ ಪ್ಲಗ್ ಇರಂಗಿಲ್ಲೇನು?"

ಹೀಗೆ ಇಬ್ಬರೂ ಎರಡು ಬೇರೆ ಊರುಗಳ ಬಗ್ಗೆ ಮಾತಾಡಿ, ಒಂದೇ ಊರಿಗೆ ಹೋಗುವುದೆಂದು ತೀರ್ಮಾನ ಮಾಡಿದೆವು.

ಡಿಸೆಂಬರಿನ ಒಂದು ಮಧ್ಯಾಹ್ನ ಅವನ ಗಾಡಿ ನಮ್ಮ ಮನೆ ಮುಂದೆ ನಿಂತಿತು. ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀಟೆಲ್ಲ ಕಿತ್ತು, ಒಳಗೆ ಮಂಚ, ಸಿಂಕು, ಸಣ್ಣ ಫ್ರಿಜ್ಜು, ಮಿಕ್ಸರು ಎಲ್ಲ ಕೂಡಿಸಿದ್ದ. ಇದಕ್ಕೆ ಮೋಟರ್‌ಹೋಮ್ ಅನ್ನುತ್ತಾರಂತೆ, ಅಮೆರಿಕದಲ್ಲಿ ಆರ್.ವಿ. ಎಂದೂ ಕರೆಯುತ್ತಾರಂತೆ. ನನ್ನ ಹೆಂಡತಿ ಒಳಗೆ ಹೋಗಿ ಸುತ್ತ ನೋಡಿ, "ಎಲ್ಲಾ ಚಲೋ ಅದ, ದೇವರ ಜಗಲಿ ಎಲ್ಲಿ?" ಎಂದಳು. ಅವನು ಸ್ಟೇರಿಂಗಿನ ಮುಂದೆ ಅಂಟಿಸಿದ್ದ ಹೆಬ್ಬೆರಳಿನಷ್ಟು ಗಣಪತಿಯನ್ನು ತೋರಿಸಿದ. ಅವನೂ ಅವನ ಹೆಂಡತಿಯೂ ಬೆಳಿಗ್ಗೆ ಮಸ್ಕಿಯ ಅಶೋಕನ ಶಾಸನ ನೋಡಿಕೊಂಡು ಬಂದಿದ್ದರು. 1915ರಲ್ಲಿ ಬಂಗಾರದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಪತ್ತೆ ಹಚ್ಚಿದ್ದು, ಅದರಲ್ಲಿ 'ಅಶೋಕ' ಎಂಬ ಹೆಸರೇ ಇರುವುದು ಇವೆಲ್ಲ ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು, "ಅಲ್ಲಿ ಪ್ಲಗ್ ಇರಲಿಲ್ಲ ಮಾವ" ಎಂದ.

ಕ್ಯಾಂಪಿಗೆ ಹೋದೆವು. ಎರಡೂ ಕಡೆ ನೆಲ್ಲಿನ ಗದ್ದೆ, ರಸ್ತೆ ಮೇಲೆ ಒಣಹಾಕಿದ ನೆಲ್ಲು, ಮನೆಗಳ ಹಿಂದೆ ಮೀನಿನ ಹೊಂಡ, ಅಂಗಡಿಯಲ್ಲಿ ಸಾಸಿವೆ ಎಣ್ಣೆ. ಅಳಿಯ ಗಾಡಿ ನಿಧಾನ ಮಾಡಿ, "ಮಾವ, ರಿಸೆಪ್ಷನ್ ಎಲ್ಲಿ?" ಎಂದ.

"ಯಾರ ಮದುವಿದೋ?"

ಆಗ ಇಬ್ಬರಿಗೂ ಬೆಳಕಾಯಿತು. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು 1970ರ ದಶಕದಲ್ಲಿ ಸರ್ಕಾರ ಇಲ್ಲಿ ನೆಲೆಗೊಳಿಸಿತು. ನಮ್ಮ ತಾಲ್ಲೂಕಿನಲ್ಲಿ 'ಕ್ಯಾಂಪ್' ಅಂದರೆ ರಜಾ ಕಳೆಯುವ ಜಾಗವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಮೇಲೆ ಆಂಧ್ರದಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ರೈತರು ಊರಿಗೊಂದು ಕ್ಯಾಂಪ್ ಮಾಡಿದರು. ಅಲ್ಲಿ ಈಗ ಮೂರಂತಸ್ತಿನ ಮನೆಗಳಿವೆ, ಹೆಸರು ಮಾತ್ರ ಕ್ಯಾಂಪೇ. ಡೇರೆ ಕಿತ್ತು ಎಷ್ಟೋ ವರ್ಷವಾದರೂ ಶಬ್ದ ಕೀಳಲಿಲ್ಲ.

ಇಷ್ಟು ದೂರ ಬಂದ ಮೇಲೆ ತಿರುಗಿ ಹೋಗುವುದು ಹೇಗೆ? ನನ್ನ ಜೊತೆ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ದಾದಾನ ಮನೆ ಅಲ್ಲೇ ಇತ್ತು. ಯಾವ ನಂಬರಿನ ಕ್ಯಾಂಪು ಎಂದು ಬರೆಯುವುದಿಲ್ಲ. ಬರೆದರೆ ಜನ ವೈರು ಹಿಡಿದುಕೊಂಡು ಅವನ ಮನೆಗೆ ಬಂದಾರು. ದಾದಾ, "ಬರ್ರಿ ಸರ, ಎಲ್ಲಿ ಬೇಕಾದ್ರ ನಿಲ್ಲಸ್ರಿ" ಎಂದ. ಅವನ ತಾಯಿ, ಮನೆಯವರೆಲ್ಲ ಠಾಕುಮಾ ಅನ್ನುವ ಮುದುಕಿ, ಕೋಲೂರಿಕೊಂಡು ಬಂದು ಗಾಡಿಯೊಳಗೆ ಇಣುಕಿದಳು. ಮಂಚ, ಪಾತ್ರೆ, ಹಾಸಿಗೆ, ಎಲ್ಲ ನೋಡಿದಳು. ಗದ್ದೆಯಲ್ಲಿ ನಮ್ಮ ಹೆಣ್ಣಾಳುಗಳ ಜೊತೆ ಕಳೆ ಕೀಳುತ್ತ ಕಲಿತ ಕನ್ನಡ ಆಕೆಯದು.

"ಅಯ್ಯೋ ಪಾಪ, ಯಾರಪ್ಪಾ ಓಡಿಸಿದ್ರು?"

ಅಳಿಯ ಎದೆಯುಬ್ಬಿಸಿ, "ನಾನೇ ಅಜ್ಜಿ, ಬೆಂಗಳೂರಿಂದ ಪೂರ್ತಿ ನಾನೇ ಓಡಿಸಿದ್ದು" ಎಂದ. ಠಾಕುಮಾ ಅವನ ಹೆಂಡತಿಯ ಮುಖ ನೋಡಿ, ಬಾಯಿ ಮೇಲೆ ಕೈ ಇಟ್ಟುಕೊಂಡಳು. ದಾದಾ ಬಂಗಾಳಿಯಲ್ಲಿ ಬಿಡಿಸಿ ಹೇಳುವವರೆಗೆ ಆ ಹುಡುಗಿಯ ಕೈ ಬಿಡಲಿಲ್ಲ.

ಅಳಿಯ ಉದ್ದನೆಯ ಕಿತ್ತಳೆ ಬಣ್ಣದ ವೈರು ಬಿಚ್ಚಿ, ಒಂದು ತುದಿಯನ್ನು ಗಾಡಿಗೂ ಇನ್ನೊಂದನ್ನು ದಾದಾನ ಪಡಸಾಲೆಯ ಬೋರ್ಡಿಗೂ ಸಿಕ್ಕಿಸಿದ. ಕಾಫಿಗೆಂದು ಕರೆಂಟಿನ ಕೆಟಲಿನ ಗುಂಡಿ ಒತ್ತಿದ. ಏನೂ ಇಲ್ಲ. ಮಿಕ್ಸರು? ಇಲ್ಲ. ಫ್ರಿಜ್ಜು? ಇಲ್ಲ. ಆದರೆ ಗಾಡಿಯೊಳಗಿನ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. "ಲೈಟ್ ಉರೀತಿದೆ ಅಂದ್ರೆ ಕರೆಂಟ್ ಇದೆ ಮಾವ, ಪ್ಲಗ್ಗುಗಳೇ ಸತ್ತಿವೆ" ಎಂದು ಸ್ಕ್ರೂಡ್ರೈವರ್ ತೆಗೆದ.

ಗಾಲಿ ಮನೆಯ ಮೊದಲನೆಯ ಮೋಸ ಇದು. ಅದರೊಳಗೆ ಎರಡು ಸಂಸಾರ. ದೀಪ, ಫ್ಯಾನು, ನೀರಿನ ಪಂಪು 12 ವೋಲ್ಟಿನ ಬ್ಯಾಟರಿಯ ಮಕ್ಕಳು. ಪ್ಲಗ್ಗುಗಳು ಹೊರಗಿನಿಂದ ಬರುವ 230 ವೋಲ್ಟಿನ ಮಕ್ಕಳು. ಒಬ್ಬರ ಮನೆಯಲ್ಲಿ ಒಲೆ ಉರಿದರೆ ಇನ್ನೊಬ್ಬರ ಹೊಟ್ಟೆ ತುಂಬುವುದಿಲ್ಲ. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ನನಗೆ ಇದು ಹೊಳೆಯಬೇಕಿತ್ತು. ನಾನು ಕರಿ ಹಲಗೆಯ ಮೇಲೆ ಬರೆದ ಬ್ಯಾಟರಿಯಿಂದ ಒಂದು ದಿನವೂ ಬಲ್ಬು ಉರಿದದ್ದಿಲ್ಲ.

ಅಳಿಯ ಮೂರು ಸಾಕೆಟ್ ಬಿಚ್ಚಿದ. ಟಾರ್ಚ್ ಹಿಡಿಯುವ ಕೆಲಸ ನನಗೆ. ಮುಕ್ಕಾಲು ಗಂಟೆಯಾದ ಮೇಲೆ ಬೌದಿ, ಅಂದರೆ ದಾದಾನ ಹೆಂಡತಿ, ಚಹಾ ತಂದು, "ಏನ್ ಹುಡಕಾಕತ್ತೀರಿ ಸರ?" ಎಂದಳು.

"ಕರೆಂಟು."

"ಅದು ನಾಕಕ್ಕನ ಹೋಗ್ಯಾದಲ್ರೀ."

ಮನೆಯೊಳಗೆ ಉರಿಯುತ್ತಿದ್ದದ್ದು ಅವರ ಇನ್ವರ್ಟರಿನ ದೀಪ. ಪಡಸಾಲೆಯ ಆ ದೊಡ್ಡ ಪ್ಲಗ್ಗಿಗೆ ಇನ್ವರ್ಟರಿನ ಸಂಪರ್ಕವೇ ಇರಲಿಲ್ಲ. ಊರಿಗೇ ಕರೆಂಟು ಇಲ್ಲದಾಗ ನಾವು ಗಾಡಿಯ ಹೊಟ್ಟೆ ಕೊಯ್ದು ನೋಡುತ್ತಿದ್ದೆವು. 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ಕರೆಂಟು ಕಳಿಸುವ ಜಿಲ್ಲೆ ನಮ್ಮದು, ಅದರ ಸಾಮರ್ಥ್ಯ 1720 ಮೆಗಾವ್ಯಾಟ್ ಎಂದು ನಾನು ಅಳಿಯನಿಗೆ ಅಭಿಮಾನದಿಂದ ಹೇಳಿದೆ. "ಅದರಲ್ಲಿ ಒಂದು ಲೋಟ ಕಾಫಿಗೆ ಸಾಕಾಗೋದು ಸಿಗುತ್ತಾ?" ಎಂದ.

ಏಳಕ್ಕೆ ಬೀದಿದೀಪ ಹತ್ತಿತು. ಹುಡುಗರು ಹೋ ಎಂದರು. ಕೆಟಲಿನ ಗುಂಡಿ ಒತ್ತಿದ್ದೇ ತಡ, ಮಂಚದ ಕೆಳಗಿನಿಂದ 'ಟಪ್' ಎಂದು ಸದ್ದು. ಹಾಸಿಗೆ, ಅಕ್ಕಿ ಚೀಲ, ಚಪ್ಪಲಿಗಳನ್ನೆಲ್ಲ ಎತ್ತಿ ನೋಡಿದರೆ ಅಲ್ಲೊಂದು ಸ್ವಿಚ್ಚು ತಲೆ ಕೆಳಗೆ ಮಾಡಿ ಬಿದ್ದಿತ್ತು. ಹೊಸ ಪುಸ್ತಕದಲ್ಲಿ ಆರ್.ಸಿ.ಸಿ.ಬಿ., ಹಳೆಯ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇಂದಿಗೂ ಇ.ಎಲ್.ಸಿ.ಬಿ. ಹೋದ ಕರೆಂಟು ಅಷ್ಟೇ ಲೆಕ್ಕಕ್ಕೆ ಮರಳಿ ಬರದಿದ್ದರೆ, 30 ಮಿಲಿ ಆಂಪಿಯರ್ ಕಡಿಮೆಯಾದರೂ ಸಾಕು, ಅದು ಬೀಳುತ್ತದೆ. 60 ವ್ಯಾಟಿನ ಬಲ್ಬು ಎಳೆಯುವುದರ ಸುಮಾರು ಒಂಬತ್ತನೆಯ ಒಂದು ಪಾಲು! ನಮ್ಮ ಶಾಲೆಯ ಬಿಸಿಯೂಟದ ಲೆಕ್ಕಕ್ಕೂ ಇಂಥದ್ದೊಂದು ಇದ್ದಿದ್ದರೆ ಅನ್ನಿಸಿತು.

ಎತ್ತಿದರೆ ಬೀಳುತ್ತಿತ್ತು. ಬಿದ್ದರೆ ಎತ್ತುತ್ತಿದ್ದ. ಗಣಮಕ್ಕಳ ಕುಸ್ತಿಯಂತೆ ಇದು ಎಂಟು ಸುತ್ತು ನಡೆದ ಮೇಲೆ ಬೌದಿಯೇ, "ಎಲ್ಲಾ ಕಿತ್ತಿಟ್ಟು ಒಂದೊಂದ ಹಾಕ್ರಿ" ಎಂದಳು. ಎಲ್ಲ ಕಿತ್ತೆವು, ಸ್ವಿಚ್ಚು ನಿಂತಿತು. ಫ್ರಿಜ್ಜು ಹಾಕಿದೆವು, ನಿಂತಿತು. ಮಿಕ್ಸರು, ನಿಂತಿತು. ಕೆಟಲು, ಟಪ್. ಅಳಿಯನ ಹೆಂಡತಿ ಮೆಲ್ಲಗೆ, ಬೆಳಿಗ್ಗೆ ಕಾಲುವೆಯಲ್ಲಿ ಅದನ್ನು ಬುಡಸಹಿತ ಅದ್ದಿ ತೊಳೆದದ್ದಾಗಿ ಹೇಳಿದಳು. ಅಳಿಯ ಏನೂ ಅನ್ನಲಿಲ್ಲ. ಅದ್ದಿ ತೊಳೆದವನು ಅವನೇ ಎಂದು ಆಮೇಲೆ ಗೊತ್ತಾಯಿತು.

ಕೆಟಲನ್ನು ಹೊರಗಿಟ್ಟು ಮಿಕ್ಸರು ತಿರುಗಿಸಿದರೆ, ಮತ್ತೆ ಎಲ್ಲ ಸತ್ತಿತ್ತು. ಈ ಸಲ ಸ್ವಿಚ್ಚು ನೆಟ್ಟಗೆ ನಿಂತೇ ಇತ್ತು. ಗಡಿಬಿಡಿಯಲ್ಲಿ ಯಾರೋ ಕಿತ್ತಳೆ ವೈರನ್ನು ಎಡವಿದ್ದರು. ಯಾರೆಂದು ನಾನು ಹೇಳಬೇಕಾಗಿಲ್ಲ. ಜೇಬಿನಿಂದ ಟೆಸ್ಟರ್ ತೆಗೆದು ಸಾಕೆಟ್ಟಿನ ಒಂದು ತೂತಿಗೆ ಇಟ್ಟೆ, ಉರಿಯಿತು. ಇನ್ನೊಂದಕ್ಕೆ ಇಟ್ಟೆ; ಅದೂ ಉರಿಯಿತು! "ಎರಡರಾಗೂ ಫೇಸ್ ಬಂದದ, ಎಲ್ಲಾರೂ ಕೆಳಗ ಇಳೀರಿ" ಎಂದು ನಾನು ಕೂಗಿದ ರಭಸಕ್ಕೆ ಪಕ್ಕದ ಮನೆಯವರೂ ತಮ್ಮ ಮಂಚದಿಂದ ಇಳಿದರು.

ದಾದಾ ಮೋಟರ್ ವೈಂಡಿಂಗ್ ಮಾಡುವ ಹುಡುಗನನ್ನು ಕರೆಸಿದ. ಕ್ಯಾಂಪಿನ ಹುಡುಗ. ಫೋನಿನಲ್ಲಿ ತಾಯಿಗೆ ಬಂಗಾಳಿಯಲ್ಲಿ ಉತ್ತರ ಕೊಟ್ಟು, ಯಾವನೋ ಪಂಪ್‌ಸೆಟ್ಟಿನ ಗಿರಾಕಿಗೆ ತೆಲುಗಿನಲ್ಲಿ ನಾಳೆ ಎಂದು ಹೇಳಿ, ನನಗೆ ಅಪ್ಪಟ ಸಿಂಧನೂರ ಕನ್ನಡದಲ್ಲಿ, "ಟೆಸ್ಟರ್ ಒಳಗ ಇಡ್ರಿ ಸರ, ಅದು ಸುಳ್ಳು ಹೇಳತದ" ಎಂದ. ಹೋಲ್ಡರಿಗೆ ಎರಡು ತುಂಡು ವೈರು ಕಟ್ಟಿದ ಒಂದು ಬಲ್ಬು, ಅಷ್ಟೇ ಅವನ ಆಯುಧ. ದಾದಾನ ಬೋರ್ಡಿಗೆ ಹಿಡಿದ, ಉರಿಯಿತು. ಗಾಡಿಯ ಸಾಕೆಟ್ಟಿಗೆ ಹಿಡಿದ, ಉರಿಯಲಿಲ್ಲ. "ಮನಿಯಾಗ ಅದ, ಗಾಡ್ಯಾಗ ಇಲ್ಲ. ಅಂದ್ರ ನಡುವ ಅದ."

ವೈರು ಕಿತ್ತು ಪ್ಲಗ್ಗಿನ ಮುಚ್ಚಳ ಬಿಚ್ಚಿದ. ಕರಿ ವೈರು, ನ್ಯೂಟ್ರಲ್, ಸ್ಕ್ರೂವಿನಿಂದ ಜಾರಿ ಪಕ್ಕಕ್ಕೆ ಮಲಗಿತ್ತು. ಅದನ್ನು ಕೂಡಿಸಿದ್ದು ಅಳಿಯನ ಸ್ವಂತ ಕೈ. ಬಂದ ಕರೆಂಟು ಫ್ರಿಜ್ಜಿನೊಳಗೆ ಹಾದು ಕರಿ ವೈರಿನ ತನಕ ಹೋಗಿ, ಮರಳುವ ದಾರಿ ಸಿಗದೆ ಅಲ್ಲೇ ನಿಂತುಬಿಟ್ಟಿತ್ತು. ಅದಕ್ಕೇ ನನ್ನ ಟೆಸ್ಟರ್ ಎರಡೂ ಕಡೆ ಮಿನುಗಿದ್ದು. ಟೆಸ್ಟರಿಗೆ ಬಂದದ್ದಷ್ಟೇ ಗೊತ್ತು, ಮರಳುವ ದಾರಿಯ ವಿಚಾರ ಅದು ಕೇಳುವುದಿಲ್ಲ. ಹುಡುಗ ಎಳೆಗಳನ್ನು ಹೊಸೆದು, ಸ್ಕ್ರೂವನ್ನು ಹಲ್ಲು ಕಚ್ಚಿ ತಿರುವಿ, ಮುಚ್ಚಳ ಹಾಕಿದ. ಮಿಕ್ಸರು ಗುರ್ ಎಂದಿತು. ರೊಕ್ಕ ಕೊಡಲು ಹೋದರೆ, "ಬಿಡ್ರಿ ಸರ, ನಿಮ್ಮ ಕೈಯಾಗ ಎಂಟನೇತ್ತ ಕಲತೀನಿ" ಎಂದ. ನಾನು ಕಲಿಸಿದ್ದರಿಂದಲೋ, ಅದನ್ನು ಮರೆತದ್ದರಿಂದಲೋ ಅವನು ಇಷ್ಟು ಜಾಣನಾದದ್ದು ಎಂದು ಕೇಳುವ ಧೈರ್ಯವಾಗಲಿಲ್ಲ. ಅಷ್ಟೊತ್ತಿಗೆ ಬೌದಿ ಒಳಗೆ ಅನ್ನ, ಮೀನಿನ ಸಾರು ಮಾಡಿ ಮುಗಿಸಿದ್ದಳು. ಸಸ್ಯಾಹಾರಿಯಾದ ನನಗೆ ಬೇರೆ ಬದನೆಕಾಯಿ.

ಬೆಳಿಗ್ಗೆ ಹೊರಡುವಾಗ ಠಾಕುಮಾ ಒಂದು ದೊಡ್ಡ ಚೀಲ ತಂದಳು. ನಾವು ಮಂಡಾಳು ಅನ್ನುವುದಕ್ಕೆ ಬಂಗಾಳಿಯಲ್ಲಿ ಬೇರೆ ಹೆಸರು. ಆಕೆ "ಮುರಿ, ಮುರಿ" ಎನ್ನುತ್ತ ಅಳಿಯನ ಕೈಗಿಟ್ಟಾಗ ಅವನು ಏನನ್ನು ಮುರಿಯಬೇಕೋ ತಿಳಿಯದೆ ನನ್ನ ಮುಖ ನೋಡಿದ. ನಾನು ಬಿಡಿಸಿ ಹೇಳಬೇಕೆನ್ನುವಷ್ಟರಲ್ಲಿ ಗಾಡಿ ಚಾಲೂ ಆಗಿ, ಹಾರ್ನ್ ಹೊಡೆದು, ಮುಂದಕ್ಕೆ ಹೋಯಿತು.

"ವೈರ್! ವೈರ್!" ಎಂದು ಬೌದಿ ಓಡಿದಳು.

ಕಿತ್ತಳೆ ವೈರು ನೆಲದಿಂದೆದ್ದು ಬಿಗಿಯಾಗಿ, ಒಂದು ಕ್ಷಣ ಒಗೆದ ಅರಿವೆ ಒಣಹಾಕುವ ಹಗ್ಗದಂತೆ ನಿಂತು, ಮರುಕ್ಷಣ ದಾದಾನ ಬೋರ್ಡನ್ನು ಒಂದು ಬೊಗಸೆ ಸಿಮೆಂಟಿನ ಸಮೇತ ಗೋಡೆಯಿಂದ ಕಿತ್ತು ತಂದು ಅಂಗಳಕ್ಕೆ ಹಾಕಿತು. ಮನೆಯೊಳಗೆ ಟಿ.ವಿ. ಬಂದ್ ಆಯಿತು. ವೈಂಡಿಂಗ್ ಹುಡುಗ ಬಲ್ಬು ಹಿಡಿದುಕೊಂಡು ಬಂದು, ಮೊದಲು ಮೇನ್ ಬಂದ್ ಮಾಡಿ, ಕುಕ್ಕರುಗಾಲಲ್ಲಿ ಕೂತು ಪ್ಲಗ್ಗಿನ ಮುಚ್ಚಳ ಬಿಚ್ಚಿದ. ಆಮೇಲೆ ನನಗೆ ಕಾಣುವಂತೆ ಅದನ್ನು ಎತ್ತಿ ಹಿಡಿದ.

"ನೋಡ್ರಿ ಸರ, ನಾ ಬಿಗಿ ಮಾಡಿದ್ದು ಒಂದ್ ಎಳಿ ಸರದಿಲ್ಲ."