ಮುಖಶೋಷ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಆಗಲಿ, ಆರಂಭದಲ್ಲೇ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಪ್ರಸ್ತುತ ಗ್ರಂಥದ ವಿಷಯ: ಸ್ಲೀಪ್ ಆಪ್ನಿಯಾ ಎಂಬ ನಿದ್ರಾಶ್ವಾಸಸ್ತಂಭಕ್ಕೆ ಸಿಪ್ಯಾಪ್ ಮಷೀನಿನ ಮಾಸ್ಕ್ ಕಟ್ಟಿಕೊಂಡು ಮಲಗುವವರ ಬಾಯಿ ಬೆಳಗಾಗುವಷ್ಟರಲ್ಲಿ ಒಣಗಿಹೋಗುವುದು. ಪ್ರಯೋಜನ: ಒಣಗದಂತೆ ನೋಡಿಕೊಳ್ಳುವುದು. ಸಂಬಂಧ: ಬಾಯಿಗೂ ಮೂಗಿಗೂ ಇರುವಂಥದ್ದು, ಅದು ಅಷ್ಟೇನೂ ಚೆನ್ನಾಗಿಲ್ಲವೆಂಬುದು ಮುಂದೆ ತಿಳಿಯುತ್ತದೆ. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ನಿದ್ದೆಯಲ್ಲಿ ಗಂಟೆಗೆ 5 ಸಲವಾದರೂ, ಪ್ರತಿ ಸಲ ಕನಿಷ್ಠ 10 ಸೆಕೆಂಡಾದರೂ, ಉಸಿರು ನಿಂತವನು ಇಲ್ಲವೇ ಗಣನೀಯವಾಗಿ ಕುಂದಿದವನು. ಈ ಸಂಖ್ಯೆ 15 ದಾಟಿದರೆ ಮಧ್ಯಮಾಧಿಕಾರಿ, 30 ದಾಟಿದರೆ ಉತ್ತಮಾಧಿಕಾರಿ. ವೈದ್ಯರು ಇದೇ ಲೆಕ್ಕವನ್ನು ಸೌಮ್ಯ, ಮಧ್ಯಮ, ತೀವ್ರ ಎನ್ನುತ್ತಾರೆ. ನಾವು ಸ್ವಲ್ಪ ಮರ್ಯಾದೆ ಕೊಟ್ಟಿದ್ದೇವೆ, ಅಷ್ಟೇ. ಇಂಥವರ ಪಕ್ಕದಲ್ಲಿ ಮಲಗುವವರಿಗೆ ಯಾವ ಪರೀಕ್ಷೆಯೂ ಇಲ್ಲದೆ ನೇರ ಪ್ರವೇಶವುಂಟು.

ಈ ವ್ಯಾಧಿಯ ಪ್ರಾಚೀನತೆಯನ್ನು ಮೊದಲು ಸ್ಥಾಪಿಸೋಣ. ಪ್ರಾಚೀನತೆ ಇಲ್ಲದ ಕಾಯಿಲೆಗೆ ನಮ್ಮಲ್ಲಿ ಬೆಲೆಯಿಲ್ಲ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಕುಂಭಕರ್ಣನನ್ನು ಎಬ್ಬಿಸಲು ಹೋದ ರಾಕ್ಷಸರು ಅವನ ಉಸಿರಿನ ರಭಸಕ್ಕೆ ಹಿಂದಕ್ಕೆ ತಳ್ಳಲ್ಪಟ್ಟು, ಕಷ್ಟಪಟ್ಟು ಒಳಹೊಕ್ಕರಂತೆ. ವಿದ್ವಾಂಸರು ಈ ಪ್ರಸಂಗದಲ್ಲಿ ವೀರರಸ, ಹಾಸ್ಯರಸಗಳನ್ನು ಕಂಡಿದ್ದಾರೆ. ಗಂಟಲಿನ ಸಡಿಲ ಸ್ನಾಯುಗಳನ್ನು ಕಂಡವರಿಲ್ಲ. ಇನ್ನೂ ಮುಖ್ಯವಾದದ್ದು, ಎದ್ದ ಮೇಲೆ ಅವನು ಮಾಡಿದ ಕೆಲಸ. ಅಣ್ಣನ ಕ್ಷೇಮ ಆಮೇಲೆ, ಯುದ್ಧದ ಸುದ್ದಿ ಆಮೇಲೆ. ಮೊದಲು ತಿಂದ, ಕೊಡಗಟ್ಟಲೆ ಕುಡಿದ. ಲಂಕೆಯಲ್ಲಿ ಹೊತ್ತಿ ಉರಿದದ್ದು ಊರೊಂದೇ ಅಲ್ಲ, ತಮ್ಮನ ಗಂಟಲೂ ಹೌದು. ಮಷೀನು ಇಲ್ಲದ ಯುಗದಲ್ಲೂ ಬಾಯಿ ಒಣಗುತ್ತಿತ್ತು ಎಂಬ ಈ ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಪೂರ್ವಪಕ್ಷದವನು, ಅಂದರೆ ಎದುರುವಾದಿ, ಬಂದಾಗ ಬೇಕಾಗುತ್ತದೆ.

ಆಧುನಿಕ ಕಾಲದಲ್ಲಿ ಈ ವ್ಯಾಧಿಗೆ ದಾರಿ ತೋರಿಸಿದವರು ಸಿಡ್ನಿಯ ಕಾಲಿನ್ ಸಲಿವನ್. ಅದಕ್ಕೆ ಮುಂಚೆ ತೀವ್ರ ರೋಗಿಗಳಿಗೆ ಇದ್ದ ಮುಖ್ಯ ಉಪಾಯವೆಂದರೆ ಕತ್ತಿನಲ್ಲಿ ತೂತು ಕೊರೆದು ಉಸಿರಿಗೆ ಬೇರೆ ದಾರಿ ಮಾಡುವುದು. ಸಲಿವನ್ 1980ರಲ್ಲಿ, ಕಸ ಹೀರುವ ಯಂತ್ರದ ಮೋಟಾರಿನಿಂದ ಗಾಳಿಯನ್ನು ಉಲ್ಟಾ ಊದಿಸಿ, ರೋಗಿಯ ಮೂಗಿನ ಅಚ್ಚು ತೆಗೆದು ಮಾಡಿದ ಮಾಸ್ಕನ್ನು ಅಂಟಿನಿಂದ ಮುಖಕ್ಕೇ ಅಂಟಿಸಿ ಮಲಗಿಸಿದರು. ಗಾಳಿಯ ಒತ್ತಡಕ್ಕೆ ಗಂಟಲು ಮುಚ್ಚಿಕೊಳ್ಳದೆ ತೆರೆದೇ ಉಳಿಯಿತು. ರೋಗಿ ರಾತ್ರಿಯಿಡೀ ನಿದ್ದೆ ಮಾಡಿದ. 1981ರಲ್ಲಿ ಐವರು ರೋಗಿಗಳ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಂದಿನ ಸಿಪ್ಯಾಪ್ ಮಷೀನಿನಲ್ಲಿ ಈ ಒತ್ತಡವನ್ನು ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರು ಎಂದು ಅಳೆಯುತ್ತಾರೆ. ಅಳತೆಯಲ್ಲಿ ನೀರಿದೆ, ಬಾಯಲ್ಲಿಲ್ಲ. ವಿಧಿವಿಲಾಸ.

ಈಗ ಲಕ್ಷಣನಿರೂಪಣೆ. ನಸುಕಿನಲ್ಲಿ ಎಚ್ಚರವಾಗುತ್ತದೆ. ನಾಲಿಗೆ ಕಾವಲಿಗೆ ಹತ್ತಿದ ದೋಸೆಯಂತೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಎಬ್ಬಿಸಿದರೆ ‘ಟಕ್’ ಎಂದು ಶಬ್ದ ಮಾಡಿ ಏಳುತ್ತದೆ. ತುಟಿಯ ಒಳಬದಿ ಹಲ್ಲಿಗೆ ಹಿಡಿದುಕೊಂಡಿರುತ್ತದೆ. ಕೆನ್ನೆಯ ಮೇಲೆ ಪಟ್ಟಿಯ ಗುರುತು, ಮೂಗಿನ ಬುಡದಲ್ಲಿ ಕೆಂಪು ಕಲೆ. ಮಾತಾಡಲು ಹೋದರೆ ‘ಕಾಫಿ’ ಎಂಬುದು ‘ಖಾಹಿ’ ಎಂದು ಹೊರಡುತ್ತದೆ. ಹಠಯೋಗಿಗಳು ಖೇಚರೀ ಮುದ್ರೆಯಲ್ಲಿ ನಾಲಿಗೆಯನ್ನು ಮಡಿಚಿ ಅಂಗುಳದ ಹಿಂದಕ್ಕೆ ಒಯ್ದು ಹಸಿವು ಬಾಯಾರಿಕೆಗಳನ್ನು ಗೆಲ್ಲುತ್ತಿದ್ದರೆಂದು ಹಠಯೋಗಪ್ರದೀಪಿಕೆ ಹೇಳುತ್ತದೆ. ನಮ್ಮ ಸಾಧಕನಿಗೆ ನಾಲಿಗೆ ಅಂಗುಳಕ್ಕೆ ಹತ್ತುವವರೆಗೆ ಸಿದ್ಧಿಯಾಗಿದೆ, ಬಾಯಾರಿಕೆ ಗೆಲ್ಲುವುದಷ್ಟೇ ಬಾಕಿ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: “ಎಲ್ಲ ಆ ಮಷೀನಿನದೇ ತಪ್ಪು. ಇಡೀ ರಾತ್ರಿ ಗಾಳಿ ನುಗ್ಗಿಸಿದರೆ ಒಣಗದೆ ಇನ್ನೇನಾಗುತ್ತದೆ? ಅದನ್ನು ಎತ್ತಿ ಅಟ್ಟಕ್ಕೆ ಹಾಕಿ.” ಮಷೀನು ಮಾರಿದ ಅಂಗಡಿಯವನೋ, ಫೋನು ಮಾಡಿದಾಗಲೆಲ್ಲ “ಅಡ್ಜಸ್ಟ್ ಆಗುತ್ತೆ ಸಾರ್” ಎಂಬ ಏಕಸೂತ್ರ ಭಾಷ್ಯದಲ್ಲಿ ಪಾರಂಗತ. ಇವರಿಬ್ಬರಿಗೂ ನಮ್ಮ ಉತ್ತರ ಒಂದೇ. ಬಾಯಿ ತೆರೆದು ಗೊರಕೆ ಹೊಡೆಯುವವನ ಬಾಯಿ ಮಷೀನಿಲ್ಲದೆಯೂ ಒಣಗುತ್ತದೆ. ಬೆಳಿಗ್ಗೆ ಬಾಯೊಣಗುವುದು ಆಪ್ನಿಯಾದ ಲಕ್ಷಣಗಳಲ್ಲೇ ಒಂದು. ಮಷೀನು ಹಾಕಿದ ಮೇಲೆ ಅದು ಕಡಿಮೆಯಾದವರೂ ಇದ್ದಾರೆ. ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿ ಮುಚ್ಚಿ ಮಲಗಿದವನ ಬಾಯೊಳಗೆ ಗಾಳಿ ಓಡಾಡುವುದೇ ಇಲ್ಲ. ಓಡಾಡದ ಗಾಳಿ ಒಣಗಿಸುವುದೆಂತು? ಒಣಗಿದೆಯೆಂದರೆ ಬಹುಮಟ್ಟಿಗೆ ಮೂಗಿನಿಂದ ಹೊಕ್ಕ ಗಾಳಿ ಬಾಯಿಂದ ಪರಾರಿಯಾಗಿದೆ ಎಂದರ್ಥ. ಅದೂ ಲಾಲಾರಸ ಕೈಕೊಡುವ ಹೊತ್ತಿನಲ್ಲಿ: ಹಗಲೆಲ್ಲ ಧಾರಾಳವಾಗಿ ಸುರಿಯುವ ಗ್ರಂಥಿಗಳು ನಿದ್ದೆಯಲ್ಲಿ ಹೆಚ್ಚುಕಡಿಮೆ ಬಾಗಿಲು ಹಾಕುತ್ತವೆ.

ಆದರೆ ಬಾಯಿ ತೆರೆದಿತ್ತು ಎನ್ನಲು ಪ್ರಮಾಣವೇನು? ಇದು ನಮ್ಮ ಶಾಸ್ತ್ರದ ಅತಿ ಕ್ಲಿಷ್ಟ ಪ್ರಶ್ನೆ. ನಿದ್ರಿಸುವವನಿಗೆ ಸ್ವಂತ ಬಾಯಿಯ ವಿಷಯದಲ್ಲಿ ಪ್ರತ್ಯಕ್ಷಜ್ಞಾನ ಅಸಂಭವ. ಅವನು ನೋಡಲು ಎದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ರತ್ಯಕ್ಷವನ್ನು ಮನೆಯಾಕೆಯಿಂದಲೇ ಪಡೆಯಬೇಕು. ಅದು ಹೀಗೆ ದೊರಕುತ್ತದೆ:

“ರೀ, ರಾತ್ರಿಯೆಲ್ಲಾ ಬಾಯಿ ಬಿಟ್ಕೊಂಡೇ ಮಲಗಿದ್ರಿ.”

“ಇಲ್ವೇ, ಮುಚ್ಚಿದ್ದೆ. ನಂಗೊತ್ತಿಲ್ವಾ?”

“ನಿಮಗೆ ಹೇಗೆ ಗೊತ್ತಾಗತ್ತೆ? ಪುಸ್ ಪುಸ್ ಅಂತ ಗಾಳಿ ನನ್ನ ಮುಖಕ್ಕೇ ಹೊಡೀತಿತ್ತು. ಫೋನಲ್ಲಿ ವಿಡಿಯೋ ಇದೆ, ತೋರಿಸ್ಲಾ?”

ಬೇಡ ಎಂದರೆ ವಾದ ಮುಗಿಯಿತು, ತೋರಿಸು ಎಂದರೆ ಮರ್ಯಾದೆ ಮುಗಿಯಿತು. ಸಂಸಾರವಿಲ್ಲದವರಿಗೆ ಮಷೀನೇ ಸಾಕ್ಷಿ. ಅದು ರಾತ್ರಿಯ ಸೋರಿಕೆಯನ್ನು ಗುಟ್ಟಾಗಿ ಬರೆದಿಟ್ಟುಕೊಂಡು ಬೆಳಿಗ್ಗೆ ಮೊಬೈಲಿನಲ್ಲಿ ಚಾಡಿ ಹೇಳುತ್ತದೆ. ಹೆಸರಾಂತ ಕಂಪನಿಯೊಂದರ ಮಷೀನುಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಸೋರಿಕೆ ಅತಿಯಾಯಿತೆಂದು ಲೆಕ್ಕ. ಮಾಸ್ಕಿನ ಅಂಚಿನಿಂದ ಸೋರಿದ್ದೋ ಬಾಯಿಂದ ಸೋರಿದ್ದೋ ಎಂಬುದನ್ನು ಅದು ಹೇಳುವುದಿಲ್ಲ. ಅಲ್ಲಿ ಮತ್ತೆ ಮನೆಯಾಕೆಗೇ ಶರಣು.

ಇನ್ನು ಅನುಮಾನ ಪ್ರಮಾಣ: ಎಲ್ಲಿ ಒಣ ನಾಲಿಗೆಯೋ ಅಲ್ಲಿ ತೆರೆದ ಬಾಯಿ, ಹೊಗೆಯಿದ್ದಲ್ಲಿ ಬೆಂಕಿ ಇದ್ದ ಹಾಗೆ. ಅವಸರದ ತಾರ್ಕಿಕರು ಎಡವುವುದು ಇಲ್ಲಿಯೇ. ಈ ಹೇತು ಸವ್ಯಭಿಚಾರ. ಬಾಯಿ ಭದ್ರವಾಗಿ ಮುಚ್ಚಿದ್ದರೂ ನಾಲಿಗೆ ಒಣಗಬಹುದು. ನೆಗಡಿಗೆ, ತುರಿಕೆಗೆ ಕೊಡುವ ಆಂಟಿಹಿಸ್ಟಮಿನ್ ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು, ಬಿ.ಪಿ.ಗೆಂದು ನುಂಗುವ ಮೂತ್ರ ಹೆಚ್ಚಿಸುವ ಮಾತ್ರೆಗಳು ಬಾಯೊಣಗಿಸುವುದರಲ್ಲಿ ಪ್ರಸಿದ್ಧ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಹಾಗೆಯೇ. ಮಲಗುವ ಮುಂಚಿನ ಎರಡು ಪೆಗ್ಗು ಕೂಡ. ಅದು ಬಾಯೊಣಗಿಸುವುದಲ್ಲದೆ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ಮೂಲ ಕಾಯಿಲೆಗೇ ಗೊಬ್ಬರ ಹಾಕುತ್ತದೆ. ಹಗಲಲ್ಲೂ ಬಾಯಿ ಒಣಗುತ್ತಿದ್ದರೆ ಮಾಸ್ಕನ್ನು ಬಯ್ಯುವುದು ಬಿಟ್ಟು, ಮಾತ್ರೆಯ ಚೀಟಿಯನ್ನು ವೈದ್ಯರ ಮುಂದೆ ಹಿಡಿಯಬೇಕು. ತಾನಾಗಿ ಮಾತ್ರೆ ನಿಲ್ಲಿಸಿದವನನ್ನು ಈ ಗ್ರಂಥ ಶಿಷ್ಯನೆಂದು ಒಪ್ಪುವುದಿಲ್ಲ.

ಹಾಗಾದರೆ ಬಾಯಿ ತೆರೆಯುವುದಾದರೂ ಏಕೆ? ಬಾಯಿಗೆ ಅದೊಂದು ಚಟವೆಂದು ಲೋಕ ತಿಳಿದಿದೆ. ನಮ್ಮ ಸಿದ್ಧಾಂತ ಬೇರೆ: ಬಾಯಿ ನಿರಪರಾಧಿ, ಮೂಗೇ ಆರೋಪಿ. ಮೂಗು ಬರೀ ಕೊಳವೆಯಲ್ಲ. ಒಳಬರುವ ಗಾಳಿಗೆ ಬಿಸಿಯನ್ನೂ ತೇವವನ್ನೂ ಕೊಡುತ್ತದೆ, ಹೊರಹೋಗುವ ಉಸಿರಿನಿಂದ ಅದರಲ್ಲಿ ಒಂದು ಪಾಲನ್ನು ವಾಪಸು ಇಸಿದುಕೊಳ್ಳುತ್ತದೆ. ಗಾಳಿ ಮೂಗಿನಿಂದ ಬಂದು ಬಾಯಿಂದ ಹೋದರೆ ಕೊಟ್ಟದ್ದು ಹೋಯಿತು, ಬರಬೇಕಾದ್ದು ಬರಲಿಲ್ಲ. ಒಣಗಿದ ಮೂಗಿನ ಒಳಪದರ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ. ಮೂಗು ಕಟ್ಟಿದ್ದರಿಂದ ಬಾಯಿ ಇನ್ನಷ್ಟು ತೆರೆಯುತ್ತದೆ. ಬಾಯಿ ತೆರೆದದ್ದರಿಂದ ಮೂಗು ಕಟ್ಟಿತು, ಮೂಗು ಕಟ್ಟಿದ್ದರಿಂದ ಬಾಯಿ ತೆರೆಯಿತು: ನೈಯಾಯಿಕರು ಅನ್ಯೋನ್ಯಾಶ್ರಯ ದೋಷವೆಂದು ಗ್ರಂಥಗಳಲ್ಲಿ ಹುಡುಕಿದ್ದು ನಮಗೆ ದಿಂಬಿನ ಮೇಲೆಯೇ ಸಿಕ್ಕಿತು. ಇದು ಬರೀ ತರ್ಕವಲ್ಲ. 1996ರಲ್ಲಿ ಸಲಿವನ್ ಅವರ ಸಿಡ್ನಿ ತಂಡವೇ ಪರೀಕ್ಷಿಸಿ ನೋಡಿತು. ಬಾಯಿಂದ ಗಾಳಿ ಸೋರಿದಾಗ ಮೂಗಿನೊಳಗಿನ ತಡೆ ಏರಿತು; ಬಿಸಿ ಮಾಡಿದ ತೇವದ ಗಾಳಿ ಕೊಟ್ಟಾಗ ಆ ಏರಿಕೆ ತಗ್ಗಿತು. ತಣ್ಣನೆಯ ತೇವದಿಂದ ಅಷ್ಟು ಉಪಯೋಗವಾಗಲಿಲ್ಲ.

ಪರಿಹಾರದ ವಿಷಯದಲ್ಲಿ ಮತಭೇದಗಳಿವೆ. ಉಡುಪಿಯವರೂ ಶೃಂಗೇರಿಯವರೂ ಕ್ಷಮಿಸಬೇಕು. ಮೂಗಿನ ಮಾಸ್ಕಿನವರು ದ್ವೈತಿಗಳು: ಮೂಗು ಬೇರೆ, ಬಾಯಿ ಬೇರೆ, ಭೇದ ನಿತ್ಯ, ಗಾಳಿ ಮೂಗಿಗೆ ಮಾತ್ರ ಸಲ್ಲಬೇಕು. ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕಿನವರು ಅದ್ವೈತಿಗಳು: ಮೇಲೆ ಎರಡಾಗಿ ತೋರುವ ಮೂಗು ಬಾಯಿಗಳು ಗಂಟಲಲ್ಲಿ ಒಂದೇ, ಎರಡೆಂಬುದು ಹೊರಗಿನ ಭ್ರಮೆ. ಅಂಗರಚನಾಶಾಸ್ತ್ರ ಇವರ ಪರವಾಗಿದೆ. ಬಾಯಿಯ ಹೊರಗೂ ಒಳಗೂ ಒತ್ತಡ ಒಂದೇ ಆದ್ದರಿಂದ ಗಾಳಿಗೆ ಓಡಿಹೋಗುವ ಆಸೆ ಹುಟ್ಟುವುದಿಲ್ಲ. ಆದರೆ ಮಾಸ್ಕ್ ದೊಡ್ಡದಾದಷ್ಟೂ ಅಂಚು ದೊಡ್ಡದು, ಅಂಚು ದೊಡ್ಡದಾದಷ್ಟೂ ಸೋರುವ ಸಂದಿಗಳು ಹೆಚ್ಚು. ಗಡ್ಡವಿದ್ದವರಿಗೆ ಇನ್ನೂ ಕಷ್ಟ. ಅದ್ವೈತಕ್ಕೆ ಸಂನ್ಯಾಸಿಯ ಕ್ಷೌರವೇ ಅನುಕೂಲ. ನಡುವಿನವರು ಮೂಗಿನ ಮಾಸ್ಕಿನ ಜೊತೆಗೆ ಗಲ್ಲಕ್ಕೊಂದು ಪಟ್ಟಿ ಕಟ್ಟುವ ವಿಶಿಷ್ಟಾದ್ವೈತಿಗಳು. ಪಟ್ಟಿ ದವಡೆಯನ್ನು ಎತ್ತಿ ಹಿಡಿಯುತ್ತದೆ ನಿಜ, ತುಟಿಯನ್ನಲ್ಲ. ಪಟ್ಟಿ ಕಟ್ಟಿದವನ ತುಟಿಯ ಮೂಲೆಯಿಂದ ಸಣ್ಣಗೆ ಶಿಳ್ಳೆ ಹೊರಡುವುದನ್ನು ಮನೆಯಾಕೆಯ ಸಾಕ್ಷ್ಯ ಸಮರ್ಥಿಸುತ್ತದೆ. ಪಟ್ಟಿ ಕಟ್ಟಿಕೊಂಡು ಅಂಗಾತ ಮಲಗಿದ ಗಂಡನನ್ನು ಕತ್ತಲಲ್ಲಿ ನೋಡಿ ಆಕೆ ಬೆಚ್ಚಿಬೀಳುವುದು ಬೇರೆ ಮಾತು.

ಹ್ಯುಮಿಡಿಫೈಯರ್ ಎಂಬ ಬಿಸಿನೀರಿನ ಡಬ್ಬಿಯ ವಿಷಯದಲ್ಲಿ ಮಾತ್ರ ಎಲ್ಲ ಮತದವರೂ ಒಪ್ಪುತ್ತಾರೆ, ಆದರೆ ಎಷ್ಟೆಂಬುದರಲ್ಲಿ ಒಪ್ಪುವುದಿಲ್ಲ. ಇಲ್ಲಿ ದೇಶಕಾಲವಿಚಾರ ಅಗತ್ಯ. ಮೇ ತಿಂಗಳ ಕಲಬುರಗಿಯಲ್ಲಿ ಗಾಳಿಯೇ ಒಣಗಿರುತ್ತದೆ, ಎಷ್ಟು ತೇವ ಕೊಟ್ಟರೂ ಬೇಕು. ಜುಲೈ ತಿಂಗಳ ಮಂಗಳೂರಿನಲ್ಲಿ ಗೋಡೆಯೇ ಬೆವರುತ್ತದೆ, ಆದರೆ ಎ.ಸಿ. ಹಾಕಿದ ಕೋಣೆಯಲ್ಲಿ ಮತ್ತೆ ಕಲಬುರಗಿ. ಡಿಸೆಂಬರಿನ ಬೆಂಗಳೂರಿನಲ್ಲಿ ಅತ್ಯಾಸೆಯಿಂದ ತೇವವನ್ನು ತುತ್ತತುದಿಗೆ ತಿರುಗಿಸಿದವನಿಗೆ ಏನಾಗುತ್ತದೆಂದರೆ, ಬಿಸಿ ಆವಿ ತಣ್ಣನೆಯ ಪೈಪಿನಲ್ಲಿ ನೀರಾಗುತ್ತದೆ. ಮೊದಲು ಪೈಪಿನ ಬಾಗಿನಲ್ಲಿ ‘ಗುಳುಗುಳು’ ಎಂದು ಸದ್ದು. ಆಮೇಲೆ ಮಗ್ಗುಲು ಬದಲಿಸಿದ ಕ್ಷಣದಲ್ಲಿ ಅರ್ಧ ಚಮಚ ನೀರು ಸೀದಾ ಮೂಗಿಗೆ. ಜಲನೇತಿಯನ್ನು ನಿದ್ದೆಯಲ್ಲೇ ಮುಗಿಸಿಕೊಂಡು ಎದ್ದು ಕೂತವನ ಕೆಮ್ಮು ಇಡೀ ವಠಾರಕ್ಕೆ ಕೇಳಿಸುತ್ತದೆ. ಇದಕ್ಕೆ ಬಿಸಿಯಾಗುವ ಪೈಪು ಸಿಗುತ್ತದೆ. ಅದಿಲ್ಲದವರು ಪೈಪಿಗೆ ಹಳೆಯ ಮಫ್ಲರ್ ಸುತ್ತಿ ಹೊದಿಕೆಯೊಳಗೆ ಹಾಯಿಸಿಕೊಳ್ಳಲಿ, ಮಷೀನನ್ನು ಮಂಚಕ್ಕಿಂತ ತಗ್ಗಿನಲ್ಲಿಡಲಿ. ನೀರು ಬಂದ ದಾರಿಯಲ್ಲೇ ಡಬ್ಬಿಗೆ ಇಳಿಯುತ್ತದೆ. ತೇವವನ್ನು ಒಂದೊಂದೇ ಅಂಕಿ ಏರಿಸಬೇಕು. ಡಬ್ಬಿಗೆ ಡಿಸ್ಟಿಲ್ಡ್ ನೀರು ಹಾಕಬೇಕು. ಬೋರ್‌ವೆಲ್ ನೀರು ಹಾಕಿದರೆ ಗೀಸರಿನಲ್ಲಿ ಕಾಣುವ ಅದೇ ಬಿಳಿ ಕಿಟ್ಟ ಕಟ್ಟುತ್ತದೆ. ಉಳಿದ ನೀರನ್ನು ದಿನಾ ಬೆಳಿಗ್ಗೆ ಚೆಲ್ಲಿ ಡಬ್ಬಿ ತೊಳೆದು ಒಣಗಿಸಬೇಕು.

ಚಿಲ್ಲರೆ ಪೂರ್ವಪಕ್ಷಗಳು ಇನ್ನೂ ಇವೆ, ಬೇಗ ಮುಗಿಸೋಣ. ಬಾಯಿಗೆ ಟೇಪು ಅಂಟಿಸಿಬಿಡಿ ಎನ್ನುವವರಿದ್ದಾರೆ. ಮೂಗು ಕಟ್ಟಿದವನು, ಕುಡಿದವನು, ವಾಂತಿ ಬರುವ ಸಂಭವವಿರುವವನು ಇದನ್ನು ಮಾಡಿದರೆ ಅಪಾಯ. ವೈದ್ಯರನ್ನು ಕೇಳದೆ ಯಾರೂ ಮಾಡಬಾರದು. ಮೂಗಿಗೆ ಎಣ್ಣೆ, ವ್ಯಾಸಲಿನ್ ಸವರಿ ಎನ್ನುವ ಹಿತೈಷಿಗಳಿಗೆ ಮಾಸ್ಕಿನ ಸಿಲಿಕೋನ್ ಜಿಡ್ಡಿಗೆ ಹಾಳಾಗುತ್ತದೆಂಬುದು ತಿಳಿದಿಲ್ಲ. ಸಲೈನ್ ಸ್ಪ್ರೇ ಅಥವಾ ನೀರಿನ ಅಂಶದ ಜೆಲ್ ಸಾಕು. ತಲೆದಿಂಬಿನ ಬಳಿ ಚೊಂಬು ನೀರಿಡುವುದು ಸನಾತನ ಪದ್ಧತಿ, ನಮ್ಮದೇನೂ ತಕರಾರಿಲ್ಲ. ಆದರೆ ಚೊಂಬು ಮಾಡುವುದು ಉಪಶಮನ, ಚಿಕಿತ್ಸೆಯಲ್ಲ, ಜೊತೆಗೆ ಬಚ್ಚಲಿಗೆ ಎರಡು ಸಲ ಎಬ್ಬಿಸುತ್ತದೆ. ಒಣಬಾಯಲ್ಲಿ ಹಲ್ಲು ಬೇಗ ಹುಳುಕಾಗುವುದರಿಂದ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜುವುದು ಚೊಂಬಿಗಿಂತ ಮುಖ್ಯ.

ಕೊನೆಗೆ ಫಲಶ್ರುತಿ. ಈ ಮೀಮಾಂಸೆಯನ್ನು ಮೂರು ಸಂಜೆ ಓದಿದವರಿಗೆ ಬೇರೇನೂ ಆಗದಿದ್ದರೂ ನಿದ್ದೆಯಂತೂ ಬರುತ್ತದೆ. ಪರಿಹಾಸ್ಯ ಬಿಟ್ಟು ಒಂದು ಮಾತು. ಅಟ್ಟ ಸೇರಿದ ಮಷೀನಿಗೆ ಬಾಯೊಣಗಿಸುವ ಶಕ್ತಿಯೂ ಇಲ್ಲ, ಉಸಿರು ಕಾಯುವ ಶಕ್ತಿಯೂ ಇಲ್ಲ. ಚಿಕಿತ್ಸೆಯಿಲ್ಲದ ಆಪ್ನಿಯಾ ಬಿ.ಪಿ.ಯನ್ನೂ ಹೃದಯವನ್ನೂ ಬಿಡುವುದಿಲ್ಲ. ಬಾಯಿ ಒಣಗುತ್ತಿದ್ದರೆ ಮೊದಲು ಮೂಗನ್ನು ಒಬ್ಬ ಇ.ಎನ್.ಟಿ. ವೈದ್ಯರಿಗೆ ತೋರಿಸಿ, ಮಷೀನಿನ ಒತ್ತಡವನ್ನೂ ಮಾಸ್ಕಿನ ಅಳತೆಯನ್ನೂ ನಿಮ್ಮ ನಿದ್ರಾವೈದ್ಯರಿಂದ ಇನ್ನೊಮ್ಮೆ ನೋಡಿಸಿ. ಅಲ್ಲಿಯವರೆಗೂ ಮಾಸ್ಕ್ ಕಟ್ಟಿಕೊಂಡೇ ಮಲಗಿ.