ಗೆರೆ ಮೊದಲು, ಗಡಿಯಾರ ಆಮೇಲೆ

ಬೇಲಿಯಾಚೆ ಮನೆಯಾಕೆಯ ಮಗ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದಾನೆ. ಬೆಳಕು ಹರಿಯುವ ಮುಂಚೆ ಎದ್ದು ಚಿಂತಾಮಣಿ ರಸ್ತೆಯಲ್ಲಿ ಓಡುತ್ತಾನೆ. ಈಗ ಕೈಗೊಂದು ಬ್ಯಾಂಡ್ ಬಂದಿದೆ. "ಆರೂ ಕಾಲು ನಿಮಿಷಕ್ಕೇ ಸಾವಿರದ ಆರುನೂರು ಮೀಟರ್ ಆಯ್ತು ಅಂತ ಅದು ತೋರಿಸ್ತದಂತೆ ಅಣ್ಣ. ಇನ್ನೇನು, ಫಿಸಿಕಲ್ ಪಾಸಾದಂಗೇ ಅಲ್ವಾ?" ಅಂತ ಹುಲ್ಲಿನ ಹೊರೆ ಇಳಿಸುತ್ತಾ ಕೇಳಿದರು.

"ಸಮಯ ಸರಿ ಇರಬಹುದಮ್ಮ, ದೂರ ಅಳೆದೋರು ಯಾರು?" ಅಂದೆ.

ನಮ್ಮ ರಾಜ್ಯದ ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಗಂಡಸರು 1,600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಹೆಂಗಸರಿಗೆ 400 ಮೀಟರ್, 2 ನಿಮಿಷ. ಜಿಪಿಎಸ್ ಇಲ್ಲದ ಅಗ್ಗದ ಬ್ಯಾಂಡು ದೂರವನ್ನು ನೇರವಾಗಿ ಅಳೆಯುವುದೇ ಇಲ್ಲ. ಕೈ ಬೀಸುವುದನ್ನು ನೋಡಿ ಹೆಜ್ಜೆ ಎಣಿಸುತ್ತದೆ, ನಾವು ತುಂಬಿಸಿದ ಎತ್ತರದಿಂದ ಹೆಜ್ಜೆಯ ಉದ್ದ ಅಂದಾಜು ಮಾಡುತ್ತದೆ, ಎರಡನ್ನೂ ಗುಣಿಸುತ್ತದೆ. ಸುಸ್ತಾದಾಗ ಹೆಜ್ಜೆ ಗಿಡ್ಡವಾಗುತ್ತದೆ, ಲೆಕ್ಕ ಅಲ್ಲೇ ಹಳಿ ತಪ್ಪುತ್ತದೆ. ಬರೀ 80 ಮೀಟರ್ ಹೆಚ್ಚು ತೋರಿಸಿತು ಅಂತಿಟ್ಟುಕೊಳ್ಳಿ. ಈ ಹುಡುಗನ ವೇಗದಲ್ಲಿ ಅದು ಹತ್ತಿರ ಹತ್ತಿರ 20 ಸೆಕೆಂಡು. ಆರೂ ಕಾಲು ನಿಮಿಷದವನು ಆರೂವರೆ ದಾಟಿಬಿಡುತ್ತಾನೆ. ಮನೆಯಲ್ಲಿ ಪಾಸು, ಮೈದಾನದಲ್ಲಿ ಫೇಲು.

"ಹಂಗಾದ್ರೆ ಅದು ಸುಳ್ಳು ಹೇಳ್ತದಾ?" ಅಂದರು. ಸುಳ್ಳಲ್ಲ, ಅದಕ್ಕೆ ಕಾಣುವುದಷ್ಟನ್ನೇ ಹೇಳುತ್ತದೆ. ಅವರೇ ತಲೆ ಮೇಲಿನ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದು ತೋಟದಿಂದ ಬಂದಿದ್ದರು. ಬ್ಯಾಂಡ್ ಕಟ್ಟಿದ್ದರೆ ಆ ನಡಿಗೆಯಲ್ಲಿ ಎಷ್ಟೋ ಹೆಜ್ಜೆ ಲೆಕ್ಕಕ್ಕೇ ಬರುತ್ತಿರಲಿಲ್ಲ, ಕೈ ಬೀಸಿಲ್ಲವಲ್ಲ! ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸಿದರೆ ಮಾತ್ರ ನಡೆದಂತೆ ಬರೆದುಕೊಳ್ಳಬಹುದು. ದಿನಕ್ಕೆ 10,000 ಹೆಜ್ಜೆ ಅನ್ನುವ ಮಾತೂ 1965ರಲ್ಲಿ ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆ ಎಣಿಸುವ ಯಂತ್ರದಿಂದ ಹಬ್ಬಿದ್ದು. ಹೊಲ, ಹಸು, ಹುಳುಮನೆ ಅಂತ ಬೆಳಗಿನಿಂದ ದುಡಿಯುವ ಹೆಂಗಸು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಅಷ್ಟೊತ್ತಿಗೆ ಹುಡುಗನೂ ಬಂದ. "ಅಂಕಲ್, ನಿಧಾನಕ್ಕೆ ಓಡಿದ್ರೂ ನನ್ನ ಹಾರ್ಟ್‌ಬೀಟ್ 172 ತೋರಿಸ್ತದೆ, ಏನಾದ್ರೂ ತೊಂದರೆನಾ?" ಅಂತ ಮಣಿಕಟ್ಟು ಮುಂದೆ ಮಾಡಿದ. ಪಟ್ಟಿ ಬಳೆಯಂತೆ ಅಲ್ಲಾಡುತ್ತಿತ್ತು. ಬ್ಯಾಂಡ್ ತಿರುಗಿಸಿ ನೋಡಿದರೆ ಅಡಿಯಲ್ಲಿ ಹಸಿರು ದೀಪ ಮಿನುಗುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಹೆಚ್ಚಾಗಿ, ವಾಪಸು ಬರುವ ಬೆಳಕು ಚೂರು ಕಡಿಮೆಯಾಗುತ್ತದೆ. ಆ ಏರಿಳಿತವನ್ನೇ ಅದು ಎಣಿಸುವುದು. ಪಟ್ಟಿ ಸಡಿಲವಿದ್ದರೆ ಹೆಜ್ಜೆಯ ಕುಲುಕಾಟವನ್ನೇ ಬಡಿತ ಅಂದುಕೊಳ್ಳುತ್ತದೆ. ಓಡುವಾಗ ನಿಮಿಷಕ್ಕೆ 160ರಿಂದ 180 ಹೆಜ್ಜೆ ಬೀಳುವುದು ಮಾಮೂಲು. ಅವನ 172 ಹೃದಯದ್ದಲ್ಲ, ಕಾಲಿನದ್ದೇ ಇರಬೇಕು. ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟಿ ನೋಡಪ್ಪ, ಓಟ ನಿಲ್ಲಿಸಿದ ತಕ್ಷಣ ಕೈ ನಾಡಿ ಹಿಡಿದು ತಾಳೆ ಹಾಕು ಅಂದೆ. ಆಮೇಲೂ ಹಾಗೇ ಇದ್ದರೆ, ಎದೆ ನೋವು, ತಲೆಸುತ್ತು ಬಂದರೆ, ಡಾಕ್ಟರ ಹತ್ತಿರ ಹೋಗಲೇಬೇಕು ಅಂತಲೂ ಹೇಳಿದೆ.

ಇಷ್ಟೆಲ್ಲ ಹೇಳಿದೆ ಅಂತ ಬ್ಯಾಂಡು ಬಿಸಾಡು ಅನ್ನುವವನಲ್ಲ ನಾನು. ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಶಿಬಿರ ನಡೆಸುವ ನಮ್ಮ ಹಾಕಿ ತಂಡದವರು ಬೆನ್ನ ಮೇಲ್ಭಾಗದಲ್ಲಿ ಪುಟ್ಟ ಜಿಪಿಎಸ್ ಯಂತ್ರ ಸಿಕ್ಕಿಸಿದ ಬನಿಯನ್ ತೊಟ್ಟು ಆಡುತ್ತಾರೆ. ಯಾರು ಎಷ್ಟು ಓಡಿದರು, ಅದರಲ್ಲಿ ಜೋರು ಓಟ ಎಷ್ಟು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಅದರ ದೊಡ್ಡ ಉಪಯೋಗ ಇವತ್ತು ಯಾರಿಗೆ ಕಸರತ್ತು ಕಡಿಮೆ ಮಾಡಬೇಕು ಅಂತ ತೀರ್ಮಾನಿಸುವುದು. ನಮ್ಮ ಹುಡುಗರಿಗೆ ತಿಳಿಯಬೇಕಾದದ್ದು ಇದೇ. ಅಧಿಸೂಚನೆ ಬಂದ ಕೂಡಲೇ ದಿನಾ ಜೀವ ಬಿಟ್ಟು ಓಡಿ, ಮೊಣಕಾಲ ಕೆಳಗಿನ ಮೂಳೆ ನೋವು ತಂದುಕೊಂಡು, ಪರೀಕ್ಷೆಯ ದಿನ ಕುಂಟುತ್ತಾರೆ. ಬೆಳಗ್ಗೆ ಎದ್ದೇಳುವ ಮೊದಲು ಮಲಗಿದಲ್ಲೇ ನಾಡಿ ನೋಡಿಕೊಳ್ಳಲಿ. ದಿನದ ಲೆಕ್ಕಕ್ಕಿಂತ ಎಂಟು ಹತ್ತು ಬಡಿತ ಹೆಚ್ಚಿದ್ದರೆ ದೇಹ ಇನ್ನೂ ಸುಧಾರಿಸಿಕೊಂಡಿಲ್ಲ, ಇಲ್ಲವೇ ಜ್ವರ ಬರುವುದರಲ್ಲಿದೆ. ಅವತ್ತು ನಡೆದರೆ ಸಾಕು. ಈ ಕೆಲಸಕ್ಕೆ ಬ್ಯಾಂಡು ಒಳ್ಳೆಯದು, ಇಲ್ಲದವರಿಗೆ ಎರಡು ಬೆರಳು ಸಾಕು.

ದೂರದ ಮಾತಿಗೆ ಬಂದರೆ, ಅದಕ್ಕೆ ಬೇಕಾದ್ದು ಟೇಪು, ಹಗ್ಗ, ಸುಣ್ಣ. ತಲಾ 40 ಮೀಟರಿನ ಎರಡು ನೇರ ದಾರಿ, ಎರಡು ಕೊನೆಗೂ 19.1 ಮೀಟರ್ ತ್ರಿಜ್ಯದ ಅರೆವೃತ್ತ ಹಾಕಿದರೆ ಸುತ್ತಿಗೆ 200 ಮೀಟರ್. ಎಂಟು ಸುತ್ತು, ಸುತ್ತಿಗೆ 48 ಸೆಕೆಂಡು ಹಿಡಿದರೆ 6 ನಿಮಿಷ 24 ಸೆಕೆಂಡಿಗೆ ಓಟ ಮುಗಿಯುತ್ತದೆ. 80 ಮೀಟರ್ ಉದ್ದ, 40 ಮೀಟರ್ ಅಗಲದ ಜಾಗವಿದ್ದರೆ ಆಯಿತು.

ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಆಂಧ್ರದಿಂದಲೂ ಜನ ಬರುವ ಊರು ನಮ್ಮದು. ಕತ್ತಲಲ್ಲಿ ಗಾಡಿಗಳ ನಡುವೆ ರಸ್ತೆಯಲ್ಲಿ ಓಡುವುದು ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ. ಪಂಚಾಯ್ತಿಯವರೂ ಶಾಲೆಯ ಪಿ.ಟಿ. ಮೇಷ್ಟ್ರುಗಳೂ ಒಂದು ಭಾನುವಾರ ಸೇರಿ ಮೈದಾನದಲ್ಲಿ ಈ ಗೆರೆ ಹಾಕಿಸಿಕೊಡಬೇಕು, ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ಎಳೆಸಬೇಕು. ಹಗ್ಗ ಹಿಡಿಯಲು ನಾನು ಬರುತ್ತೇನೆ.