ದೇವರಿಲ್ಲ ಎನ್ನುವ ಗೆಳೆಯರಿಗೆ



ನಾನು ದಕ್ಷಿಣ ಕನ್ನಡದ ಒಬ್ಬ ಕ್ಯಾಥೊಲಿಕ್. ಭಾನುವಾರ ಇಗರ್ಜಿಗೆ ಹೋಗುತ್ತೇನೆ, ಸಂಜೆ ಮನೆಯವರ ಜೊತೆ ಜಪಸರ ಹಿಡಿದು ಕೂರುತ್ತೇನೆ. ಫೇಸ್‌ಬುಕ್ಕಿನಲ್ಲಿ ಇದನ್ನು ಹೇಳಿಕೊಂಡರೆ ಸಾಕು, ಎರಡು ಬಗೆಯ ಮಾತು ಬಂದೇ ಬರುತ್ತದೆ. 'ನಿಮ್ಮಜ್ಜ ಎಷ್ಟು ಮೂಟೆ ಅಕ್ಕಿಗೆ ಮತಾಂತರ ಆದದ್ದು?' ಎಂಬುದು ಒಂದು. ಅದು ಯಾವ ಕಡೆಯಿಂದ ಬರುತ್ತದೆಂದು ಎಲ್ಲರಿಗೂ ಗೊತ್ತು. ಅವರಿಗೆ ನಾನು ಪತ್ರ ಬರೆಯುತ್ತಿಲ್ಲ. ಇನ್ನೊಂದು ನಿಮ್ಮದು: 'ಇಷ್ಟು ಓದಿಯೂ ಪಾದ್ರಿಯ ಹಿಂದೆ ಕುರಿಗಳ ಹಾಗೆ ಹೋಗುತ್ತೀರಲ್ಲ.' ನಾನು ಓದಿ ಮೆಚ್ಚಿದವರೇ ಹೀಗೆ ಬರೆದಾಗ ನಿಜವಾಗಿಯೂ ನೋವಾಗುತ್ತದೆ. ಮಾತಿನ ಬಿಸಿಯಲ್ಲಿ ನಿಮ್ಮವರೂ ಕೆಲವರು ಆ ಅಕ್ಕಿ ಮೂಟೆಗೆ ಕೈ ಹಾಕುವುದನ್ನು ಕಂಡಿದ್ದೇನೆ. ಅದಕ್ಕೇ ಈ ಪತ್ರ.

ನನ್ನ ನಂಬಿಕೆಯನ್ನು ಪ್ರಶ್ನಿಸಬೇಡಿ ಎಂದು ನಾನು ಕೇಳುತ್ತಿಲ್ಲ. 2012ರಲ್ಲಿ ಮುಂಬೈಯ ವಿಲೇ ಪಾರ್ಲೆಯ ಇಗರ್ಜಿಯೊಂದರಲ್ಲಿ ಶಿಲುಬೆಯ ಮೇಲಿನ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಆ ನೀರನ್ನು ತೀರ್ಥದಂತೆ ಹಿಡಿದುಕೊಂಡರು. ವಿಚಾರವಾದಿ ಸನಲ್ ಎಡಮರುಕು ಬಂದು ನೋಡಿ, ಹತ್ತಿರದ ಚರಂಡಿ ಕಟ್ಟಿಕೊಂಡಿದೆ, ಗೋಡೆ ನೀರು ಹೀರಿ ಇಲ್ಲಿ ಬಿಡುತ್ತಿದೆ ಎಂದರು. ನಮ್ಮವರು ಅವರಿಗೆ ಕೃತಜ್ಞರಾಗಬೇಕಿತ್ತು. ಕೊಳಚೆ ನೀರನ್ನು ಭಕ್ತರು ಬಾಯಿಗೆ ಹಾಕಿಕೊಳ್ಳುವುದು ಯೇಸುವಿಗೆ ಪ್ರಿಯವೇ? ಬದಲಿಗೆ ಕೆಲವು ಕ್ಯಾಥೊಲಿಕ್ ಸಂಘಟನೆಗಳು ಧಾರ್ಮಿಕ ಭಾವನೆಗೆ ಧಕ್ಕೆಯಾಯಿತೆಂದು ಪೊಲೀಸ್ ದೂರು ಕೊಟ್ಟವು. ಎಡಮರುಕು ಆ ವರ್ಷವೇ ದೇಶ ಬಿಟ್ಟು ಫಿನ್ಲೆಂಡಿಗೆ ಹೋದರು. ಆ ದೂರಿಗೆ ಆಧಾರವಾದ ಭಾರತೀಯ ದಂಡ ಸಂಹಿತೆಯ 295ಎ ಕಲಮನ್ನು ಬ್ರಿಟಿಷರು ತಂದದ್ದು 1927ರಲ್ಲಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299. ಸಂಖ್ಯೆ ಬದಲಾದರೂ ಬಳಕೆ ಬದಲಾಗಿಲ್ಲ. ಯೇಸುವಿನ ಸಂದೇಶ ಸಾರಲು ಹೊರಟ ಪೌಲನು ಅಥೆನ್ಸಿನಲ್ಲಿ ಪುನರುತ್ಥಾನದ ಮಾತೆತ್ತಿದಾಗ ಅಲ್ಲಿನ ಪಂಡಿತರಲ್ಲಿ ಕೆಲವರು ನಕ್ಕರು. ಅವನು ಯಾರ ಮೇಲೂ ದೂರು ಕೊಡದೆ ಮುಂದಿನ ಊರಿಗೆ ನಡೆದ. ಕ್ರೈಸ್ತನಿಗೆ ಅಷ್ಟು ಗಟ್ಟಿತನ ಇರಲೇಬೇಕು.

ಹಾಗಾದರೆ ನನ್ನ ತಕರಾರೇನು? ನಿಮ್ಮ ಮಾತಿನ ಧಾಟಿ ಬೇರೆ ನೆಲದ್ದು. ಯುರೋಪಿನಲ್ಲಿ ಬಿಷಪ್ಪರು ಅರಸರ ಪಕ್ಕ ಕುಳಿತಿದ್ದರು. ಅಲ್ಲಿ ಧರ್ಮಸಭೆಯನ್ನು ಗೇಲಿ ಮಾಡುವುದೆಂದರೆ ಅಧಿಕಾರಸ್ಥರನ್ನು ಎದುರುಹಾಕಿಕೊಳ್ಳುವುದು. ಅದಕ್ಕೆ ಧೈರ್ಯ ಬೇಕಿತ್ತು. ಅದೇ ಗೇಲಿಯನ್ನು ಕನ್ನಡಕ್ಕೆ ತಂದು, 2011ರ ಜನಗಣತಿಯಂತೆ ನೂರಕ್ಕೆ 1.87ರಷ್ಟು ಕ್ರೈಸ್ತರಿರುವ ಈ ರಾಜ್ಯದಲ್ಲಿ ಹರಿಬಿಟ್ಟರೆ ಅದು ಯಾರಿಗೆ ತಗಲುತ್ತದೆ? 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿಯಾದದ್ದನ್ನು ಕಂಡವರು ನಾವು. ಹಳ್ಳಿಯ ಶೀಟು ಹೊದಿಸಿದ ಪ್ರಾರ್ಥನಾ ಮನೆಯಲ್ಲಿ ಕೂತ ಕೂಲಿ ಹೆಂಗಸಿಗೆ ವ್ಯಾಟಿಕನ್ನಿನ ಲೆಕ್ಕ ಕೇಳುವುದು ನ್ಯಾಯವಲ್ಲ.

ಧರ್ಮದ್ರೋಹದ ಆರೋಪ ಹೊರಿಸಿ ಜನರನ್ನು ಶಿಕ್ಷಿಸುತ್ತಿದ್ದ ಇನ್ಕ್ವಿಸಿಷನ್ ಬಗ್ಗೆ ಉತ್ತರ ಕೊಡಿ ಎನ್ನುತ್ತೀರಿ. ಗೋವೆಯಲ್ಲಿ ಅದು ಶುರುವಾದದ್ದು 1560ರಲ್ಲಿ. ನಮ್ಮ ಕರಾವಳಿಯ ಕ್ಯಾಥೊಲಿಕರ ಪೂರ್ವಜರು ಗೋವೆ ಬಿಟ್ಟು ತೆಂಕಣಕ್ಕೆ ಬರಲು ಇದ್ದ ಕಾರಣಗಳಲ್ಲಿ ಅದರ ಕಾಟವೂ ಒಂದು. ಓಡಿಬಂದವರ ಮೊಮ್ಮಕ್ಕಳನ್ನು ಓಡಿಸಿದವರ ಪಟ್ಟಿಗೆ ಸೇರಿಸುವ ಮೊದಲು ಒಮ್ಮೆ ಯೋಚಿಸಿ. ನಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆಗಳು ಬೇರೆ ಇವೆ. ಯೇಸುವಿನಲ್ಲಿ ಎಲ್ಲರೂ ಒಂದೇ ಎನ್ನುವ ನಮ್ಮ ಮನೆಗಳಲ್ಲಿ ಗಂಡು ಹೆಣ್ಣು ನೋಡುವಾಗ ಜಾತಿಯಲ್ಲಿ ಬಾಮಣ್ ಯಾರು, ಚಾರೊಡಿ ಯಾರು ಎಂದು ಇಂದಿಗೂ ವಿಚಾರಿಸುತ್ತಾರೆ. ತಮಿಳುನಾಡಿನಲ್ಲಿ ದಲಿತ ಕ್ರೈಸ್ತರನ್ನು ಬೇರೆ ಸ್ಮಶಾನದಲ್ಲಿ ಹೂಳುವ ಊರುಗಳಿವೆ. ಇದನ್ನು ಕೇಳಿ, ಜೋರಾಗಿ ಕೇಳಿ. ನಾನೂ ನಿಮ್ಮ ಜೊತೆ ಕೇಳುತ್ತೇನೆ.

ನಾನು ಏನನ್ನು ನಂಬುತ್ತೇನೆ ಎಂದು ತಿಳಿಯಬೇಕಿದ್ದರೆ ಪವಿತ್ರ ಗುರುವಾರದ ಸಂಜೆ ನಮ್ಮ ಇಗರ್ಜಿಗೆ ಬನ್ನಿ. ಮುಂದಿನ ಸಾಲಿನಲ್ಲಿ ಹನ್ನೆರಡು ಮಂದಿ ಬಲಗಾಲಿನ ಚಪ್ಪಲಿ ಕಳಚಿ ಕೂತಿರುತ್ತಾರೆ. ಅಡಿಕೆ ತೋಟಕ್ಕೆ ಹೋಗುವವರು, ಆಟೋ ಓಡಿಸುವವರು. 2016ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ಬದಲಿಸಿದ ಮೇಲೆ ಬೀಡಿ ಕಟ್ಟುವ ಹೆಂಗಸರೂ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಧರ್ಮಗುರುಗಳು ಸೊಂಟಕ್ಕೆ ಬೈರಾಸು ಕಟ್ಟಿ, ಮಂಡಿಯೂರಿ, ಒಬ್ಬೊಬ್ಬರ ಕಾಲಿಗೂ ನೀರು ಹೊಯ್ದು ಒರೆಸಿ ಮುತ್ತಿಡುತ್ತಾರೆ. ಬಿರುಕು ಬಿಟ್ಟ ಹಿಮ್ಮಡಿಯ ಸಂದಿಯಲ್ಲಿ ತೋಟದ ಕೆಂಪು ಮಣ್ಣು ಹಾಗೇ ಉಳಿದಿರುತ್ತದೆ, ಎಷ್ಟು ತೊಳೆದರೂ ಹೋಗದು. ತಾವು ಗುರುಗಳ ಕೈಯಲ್ಲಿ ಕಾಲು ತೊಳೆಸಿಕೊಳ್ಳುವುದೇ ಎಂದು ಕೆಲವರು ಸಂಕೋಚದಿಂದ ಕಾಲು ಹಿಂದೆಳೆದುಕೊಳ್ಳುತ್ತಾರೆ. ದೇವರು ದೊಡ್ಡವನಾದದ್ದು ಹೀಗೆ ಬಗ್ಗಿದ್ದರಿಂದ ಎಂಬುದೇ ನನ್ನ ನಂಬಿಕೆಯ ತಿರುಳು. ಮರುದಿನ ಅದೇ ಗುರುಗಳು ಅದೇ ಕೂಲಿಯವನನ್ನು ಹೊರಗೆ ನಿಲ್ಲಿಸಿ ಮಾತಾಡಿಸಿದರೆ ಆ ವಿಧಿ ಬರೀ ನಾಟಕ ಎಂದು ನೀವು ಹೇಳಬಹುದು, ನಾನು ಒಪ್ಪುತ್ತೇನೆ. ಆದರೆ ಅಲ್ಲಿ ಕೂತವರೆಲ್ಲ ಬುದ್ಧಿ ಅಡವಿಟ್ಟು ಬಂದವರು ಎಂದರೆ ಒಪ್ಪಲಾರೆ.

ನಮ್ಮ ಕಡೆಯಿಂದ ನಿಮಗೆ ಆಗುವ ಅವಮಾನವೂ ಕಡಿಮೆಯದಲ್ಲ. ನರಕಕ್ಕೆ ಹೋಗುತ್ತೀರಿ ಎನ್ನುವುದು, ದೇವರ ಭಯ ಇಲ್ಲದವನಿಗೆ ನೀತಿ ಎಲ್ಲಿಂದ ಬರಬೇಕು ಎನ್ನುವುದು, ವಾದದಲ್ಲಿ ಸೋತಾಗ 'ನಿಮಗಾಗಿ ಪ್ರಾರ್ಥಿಸುತ್ತೇನೆ' ಎಂದು ಚುಚ್ಚುವುದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರು ಬದುಕಿದ್ದು ನ್ಯಾಷನಲ್ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ. ಅಂಥ ಸರಳ ಬದುಕು ನಮ್ಮ ಎಷ್ಟು ಭಕ್ತರಿಗೆ ಸಾಧ್ಯ? ಮೂಢನಂಬಿಕೆಗಳನ್ನು ಪ್ರಶ್ನಿಸಿದ ನರೇಂದ್ರ ದಾಭೋಲ್ಕರ್ 2013ರಲ್ಲಿ ಪುಣೆಯ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ಈ ದೇಶದಲ್ಲಿ ಪ್ರಶ್ನೆ ಕೇಳುವವರು ತೆತ್ತ ಬೆಲೆಯ ಮುಂದೆ ನನಗಾದ ನೋವು ಸಣ್ಣದೆಂದು ಬಲ್ಲೆ.

ಗೌರವ ಹೇಗಿರಬೇಕೆಂದು ನಮ್ಮ ದೇಶದವರೇ ಇಬ್ಬರು ತೋರಿಸಿದ್ದಾರೆ. ಆಂಧ್ರದ ಗೋರಾ ಅಪ್ಪಟ ನಾಸ್ತಿಕರು. 1944ರಲ್ಲಿ ಗಾಂಧೀಜಿಯನ್ನು ಕಂಡು ದೇವರ ಬಗ್ಗೆ ನೇರವಾಗಿಯೇ ವಾದಿಸಿದರು. ಗೋರಾ ಅವರ ಮಗಳಿಗೂ ದಲಿತ ಯುವಕನೊಬ್ಬನಿಗೂ ನಿಶ್ಚಯವಾದ ಮದುವೆಯನ್ನು ತಮ್ಮ ಸೇವಾಗ್ರಾಮ ಆಶ್ರಮದಲ್ಲೇ ಮಾಡೋಣ ಎಂದರು ಗಾಂಧೀಜಿ. ವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳಲೂ ಒಪ್ಪಿದರು. ಗಾಂಧೀಜಿಯ ಹತ್ಯೆಯಾದ ಮೇಲೂ ಆ ಮದುವೆ 1948ರ ಮಾರ್ಚಿನಲ್ಲಿ ಅಲ್ಲೇ ನಡೆಯಿತು. ರಾಮನಾಮ ಬಿಡದ ಗಾಂಧಿ ಗಾಂಧಿಯಾಗಿಯೇ ಉಳಿದರು, ಗೋರಾ ಗೋರಾ ಆಗಿಯೇ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ನನ್ನ ಮಾತಿನಲ್ಲಿ ತಪ್ಪಿದ್ದರೆ ಎತ್ತಿ ತೋರಿಸಿ. ನನ್ನನ್ನು ಕೊಂಡುಕೊಂಡ ಆಳು ಎಂದೋ ದಡ್ಡನೆಂದೋ ಮೊದಲೇ ತೀರ್ಮಾನಿಸಬೇಡಿ. ನಾಳೆ ನಿಮ್ಮಲ್ಲಿ ಯಾರ ಮೇಲಾದರೂ ಭಾವನೆಗೆ ಧಕ್ಕೆಯ ಕೇಸು ಬಿದ್ದರೆ, ದೂರು ಕೊಟ್ಟವರು ನಮ್ಮವರೇ ಆಗಿದ್ದರೂ, ನಿಮ್ಮ ಪರವಾದ ಮನವಿಗೆ ನಾನು ಸಹಿ ಹಾಕುತ್ತೇನೆ. ನಮ್ಮ ಪ್ರಾರ್ಥನಾ ಮನೆಯ ಮೇಲೆ ಕಲ್ಲು ಬಿದ್ದ ದಿನ ನೀವೂ ಬಂದು ನಮ್ಮ ಪಕ್ಕ ನಿಲ್ಲಿ.

ಇತಿ ನಿಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ಕ್ರೈಸ್ತ